ಭದ್ರ ಪುಟವನ್ನು ಬಯಲಿಗೆ ಕಳಿಸಬೇಡಿ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಬರುವ ರೈತನಿಗೆ ಇ-ಹರಾಜು ಈಗ ಹೊಸದೇನಲ್ಲ. ಲಾಟಿನ ಸಂಖ್ಯೆ, ರೀಲರ್ ಹಾಕುವ ದರ, ಖಾತೆಗೆ ಜಮಾ ಆಗುವ ಹಣ ಎಲ್ಲವೂ ಕಂಪ್ಯೂಟರ್, ಮೊಬೈಲ್‌ಗಳ ಮೂಲಕ ಸಾಗುತ್ತವೆ. ರಾಜ್ಯದ ಎಪಿಎಂಸಿಗಳಿಗೆ ಇ-ಟೆಂಡರ್ ತಂದ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಗಿದ್ದು 2014ರಲ್ಲಿ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಅದಕ್ಕಿಂತಲೂ ಹಳೆಯದು. ಇವುಗಳ ಜೊತೆಗೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನಂಥ ಊರುಗಳಲ್ಲಿ ಖಾಸಗಿ ಶಾಲೆ, ಸಹಕಾರ ಸಂಘ, ನರ್ಸರಿ, ಬೀಜದಂಗಡಿಗಳು ಕೂಡ ತಮ್ಮದೇ ಜಾಲತಾಣ ಇಟ್ಟುಕೊಳ್ಳುವ ಕಾಲ ಇದು.

ಇಂಥ ಸಣ್ಣ ತಾಣಗಳನ್ನು ನೋಡಿಕೊಳ್ಳುವವರು ಎಂದಾದರೊಮ್ಮೆ ಎದುರಿಸುವ ಪ್ರಶ್ನೆಯೊಂದಿದೆ. ತಾಣದ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗುವ ಭದ್ರ ವಿಳಾಸ ತೆರೆದರೆ ಬ್ರೌಸರ್ ಕೆಲವೊಮ್ಮೆ ಕೆಂಪು ಎಚ್ಚರಿಕೆ ತೋರಿಸುತ್ತದೆ. ಕೊನೆಯ ‘ಎಸ್’ ಇಲ್ಲದ ಹಳೆಯ ‘ಎಚ್‌ಟಿಟಿಪಿ’ ವಿಳಾಸದಲ್ಲಿ ಪುಟ ಸರಾಗವಾಗಿ ತೆರೆಯುತ್ತದೆ. ಹಾಗಿದ್ದರೆ ಭದ್ರ ವಿಳಾಸಕ್ಕೆ ಬಂದವರನ್ನೆಲ್ಲ ಹಳೆಯ ವಿಳಾಸಕ್ಕೇ ಕಳಿಸಿಬಿಟ್ಟರಾಯಿತಲ್ಲ? ಸರ್ವರ್‌ನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯುವ ಕೆಲಸ. ಆದರೆ ಈ ಉಪಾಯ ಬಹುತೇಕ ಸಂದರ್ಭಗಳಲ್ಲಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡಿದಾಗ ಆಗುವುದು ಹಾನಿಯೇ.

ದಾರಿಯಲ್ಲಿ ಕೇಳುವ ಕಿವಿಗಳು

ಗೌರಿಬಿದನೂರಿನ ಬಳಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರ 1965ರಿಂದ ಕೆಲಸ ಮಾಡುತ್ತಿದೆ. ಎಲ್ಲೋ ದೂರದ ದೇಶದಲ್ಲಿ ನೆಲದಡಿ ಅಣುಸ್ಫೋಟವಾದರೆ ಅದರ ಕಂಪನವನ್ನು ಇಲ್ಲಿ ಕೂತೇ ಗುರುತಿಸಬಹುದು. ಅದೇ ತಾಲ್ಲೂಕಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕಟ್ಟಿದ ರೇಡಿಯೊ ದೂರದರ್ಶಕ ಬಾಹ್ಯಾಕಾಶದಿಂದ ಬರುವ ಕ್ಷೀಣ ಅಲೆಗಳನ್ನು ಹಿಡಿಯುತ್ತದೆ. ಎರಡೂ ಕಡೆ ನಡೆಯುವುದು ಬರೀ ಆಲಿಸುವ ಕೆಲಸ. ಅಲೆ ಕಳಿಸಿದ ಕಡೆಗೆ ಯಾವ ಸುದ್ದಿಯೂ ಹೋಗುವುದಿಲ್ಲ, ಆಲಿಸಿದ್ದರ ಗುರುತೂ ಉಳಿಯುವುದಿಲ್ಲ.

ಜಾಲದ ಸಂಪರ್ಕಕ್ಕೂ ಈ ಮಾತು ಅನ್ವಯಿಸುತ್ತದೆ. ಮೊಬೈಲಿನಿಂದ ಹೊರಟ ಮಾಹಿತಿ ವೈಫೈ ಅಥವಾ ಟವರ್, ದೂರವಾಣಿ ಕಂಪನಿಯ ಯಂತ್ರಗಳು, ನಡುವಿನ ಹಲವು ರೂಟರ್‌ಗಳನ್ನು ದಾಟಿ ಸರ್ವರ್ ಮುಟ್ಟುತ್ತದೆ. ಎಚ್‌ಟಿಟಿಪಿಯಲ್ಲಿ ಅದು ಇದ್ದ ಹಾಗೆಯೇ ಸಾಗುತ್ತದೆ. ಪಾಸ್‌ವರ್ಡ್ ಆಗಲಿ, ಸರ್ವೆ ನಂಬರ್ ಆಗಲಿ, ಬ್ಯಾಂಕ್ ಖಾತೆ ಸಂಖ್ಯೆಯಾಗಲಿ, ದಾರಿಯಲ್ಲಿ ಕೂತವರು ಓದಿಕೊಳ್ಳಬಹುದು. ಓದಿದ್ದು ಕಳಿಸಿದವರಿಗೆ ತಿಳಿಯುವುದೇ ಇಲ್ಲ.

ಓದುವುದಷ್ಟೇ ಅಲ್ಲ, ತಿದ್ದಲೂಬಹುದು. 2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಏರ್‌ಟೆಲ್‌ನ 3ಜಿ ಸಂಪರ್ಕದಲ್ಲಿ ತಮ್ಮದೇ ಜಾಲತಾಣ ತೆರೆದಾಗ, ಪುಟದೊಳಗೆ ತಾವು ಬರೆಯದ ಒಂದು ಸ್ಕ್ರಿಪ್ಟ್ ಸೇರಿಕೊಂಡಿದ್ದನ್ನು ಕಂಡರು. ಸರ್ವರ್‌ನಲ್ಲಿ ಇಲ್ಲದ್ದು ಮೊಬೈಲಿಗೆ ಬರುವಷ್ಟರಲ್ಲಿ ಹುಟ್ಟಿಕೊಂಡಿತ್ತು! ಅವರು ಅದನ್ನು ಸಾರ್ವಜನಿಕವಾಗಿ ಪ್ರಕಟಿಸಿದರು. ಆ ತಂತ್ರಾಂಶ ತಯಾರಿಸಿದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿ ಅವರಿಗೇ ವಕೀಲರ ನೋಟಿಸ್ ಕಳಿಸಿತು. ಗ್ರಾಹಕರು ಎಷ್ಟು ಡೇಟಾ ಬಳಸುತ್ತಿದ್ದಾರೆಂದು ಅವರಿಗೇ ತಿಳಿಸುವ ಪ್ರಯೋಗ ಅದಾಗಿತ್ತೆಂದು ಏರ್‌ಟೆಲ್ ವಿವರಣೆ ನೀಡಿತು. ಉದ್ದೇಶ ಏನೇ ಇರಲಿ, ಎಚ್‌ಟಿಟಿಪಿ ಪುಟವನ್ನು ನಡುದಾರಿಯಲ್ಲಿ ತಿದ್ದುವುದು ಎಷ್ಟು ಸುಲಭ ಎಂಬುದನ್ನು ಆ ಘಟನೆ ಕಣ್ಣೆದುರು ತೋರಿಸಿತು. ಎಚ್‌ಟಿಟಿಪಿಎಸ್ ಪುಟದಲ್ಲಿ ಹೀಗೆ ನಡುದಾರಿಯಲ್ಲಿ ಒಂದಕ್ಷರ ಬದಲಾದರೂ ಬ್ರೌಸರ್ ಅದನ್ನು ಒಪ್ಪುವುದಿಲ್ಲ.

ಕಳಿಸದೆಯೇ ಹಂಚಿಕೊಂಡ ಕೀಲಿ

ಎಚ್‌ಟಿಟಿಪಿಎಸ್‌ನಲ್ಲಿ ಮಾಹಿತಿ ಗುಟ್ಟಿನ ಕೀಲಿಯೊಂದರಿಂದ ಗೂಢಲಿಪಿಯಾಗಿ ಸಾಗುತ್ತದೆ. ಎಲ್ಲರ ಕಿವಿಗೂ ಬೀಳುವ ದಾರಿಯಲ್ಲಿ ಇಬ್ಬರು ಆ ಕೀಲಿಯನ್ನು ಹೇಗೆ ಒಪ್ಪಿಕೊಳ್ಳುತ್ತಾರೆ? 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಇದಕ್ಕೊಂದು ಸುಂದರ ಉತ್ತರ ಕೊಟ್ಟರು. ಸಣ್ಣ ಸಂಖ್ಯೆಗಳಲ್ಲಿ ಅದನ್ನು ಮಾಡಿ ನೋಡೋಣ.

3 ಮತ್ತು 17 ಎಂಬ ಎರಡು ಸಂಖ್ಯೆಗಳು ಎಲ್ಲರಿಗೂ ಗೊತ್ತು ಎಂದಿಟ್ಟುಕೊಳ್ಳಿ. ಮೊಬೈಲ್ ತನ್ನೊಳಗೇ 7 ಎಂಬ ಗುಟ್ಟಿನ ಸಂಖ್ಯೆ ಆರಿಸಿಕೊಳ್ಳುತ್ತದೆ. 3ರ ಏಳನೇ ಘಾತ 2187. ಅದನ್ನು 17ರಿಂದ ಭಾಗಿಸಿದರೆ ಶೇಷ 11. ಈ 11ನ್ನು ಬಹಿರಂಗವಾಗಿ ಸರ್ವರ್‌ಗೆ ಕಳಿಸುತ್ತದೆ. ಸರ್ವರ್‌ನ ಗುಟ್ಟಿನ ಸಂಖ್ಯೆ 4. 3ರ ನಾಲ್ಕನೇ ಘಾತ 81, ಶೇಷ 13. ಸರ್ವರ್ 13ನ್ನು ಮೊಬೈಲಿಗೆ ಕಳಿಸುತ್ತದೆ. ಈಗ ಸರ್ವರ್ ತನಗೆ ಬಂದ 11ರ ನಾಲ್ಕನೇ ಘಾತ ತೆಗೆದರೆ 14641, ಶೇಷ 4. ಮೊಬೈಲ್ ತನಗೆ ಬಂದ 13ರ ಏಳನೇ ಘಾತ ತೆಗೆದರೆ 6,27,48,517. ಅದಕ್ಕೂ ಶೇಷ 4. ಇಬ್ಬರ ಕೈಯಲ್ಲೂ ಒಂದೇ ಕೀಲಿ, ಆದರೆ ಆ ಕೀಲಿ ದಾರಿಯಲ್ಲಿ ಸಾಗಲೇ ಇಲ್ಲ. ಕದ್ದು ಕೇಳಿದವನಿಗೆ ಸಿಕ್ಕಿದ್ದು 3, 17, 11, 13 ಮಾತ್ರ. ಇಷ್ಟು ಸಣ್ಣ ಸಂಖ್ಯೆಗಳಾದರೆ ಅವನು ಕೂತು ಲೆಕ್ಕ ಹಾಕಿ ಗುಟ್ಟನ್ನು ಕಂಡುಹಿಡಿದಾನು. ನಿಜ ಬಳಕೆಯಲ್ಲಿ 600 ಅಂಕಿಗಳಿಗೂ ಉದ್ದದ ಸಂಖ್ಯೆ ಇಟ್ಟರೆ ಇಂದಿನ ಯಾವ ಕಂಪ್ಯೂಟರಿಗೂ ಆ ಲೆಕ್ಕ ಎಟಕುವುದಿಲ್ಲ. ಈಗಿನ ಬ್ರೌಸರ್‌ಗಳು ಹೆಚ್ಚಾಗಿ ಇದೇ ತತ್ವವನ್ನು ಬೇರೊಂದು ಬಗೆಯ ಗಣಿತದಲ್ಲಿ ಬಳಸುತ್ತವೆ.

ಇನ್ನೊಂದು ತೊಡಕು ಉಳಿಯಿತು. ಕೀಲಿ ಒಪ್ಪಿಕೊಂಡದ್ದು ನಿಜವಾದ ಸರ್ವರ್ ಜೊತೆಗೋ, ನಡುವೆ ಕೂತ ವಂಚಕನ ಜೊತೆಗೋ? ಅದನ್ನು ತಿಳಿಸುವುದು ಪ್ರಮಾಣಪತ್ರ. ತಾಣದ ಹೆಸರು, ಪತ್ರ ಎಂದಿನಿಂದ ಎಂದಿನವರೆಗೆ ಊರ್ಜಿತ, ಸರ್ವರ್‌ನ ಬಹಿರಂಗ ಕೀಲಿ, ಪತ್ರ ಕೊಟ್ಟ ಪ್ರಾಧಿಕಾರದ ಡಿಜಿಟಲ್ ಸಹಿ ಇವೆಲ್ಲ ಅದರಲ್ಲಿ ಇರುತ್ತವೆ. ಬ್ರೌಸರ್ ಇವನ್ನೆಲ್ಲ ತಾಳೆ ನೋಡಿ, ಸರಿಯಿದ್ದರೆ ಮಾತ್ರ ಮುಂದುವರಿಯುತ್ತದೆ.

ಉಪಾಯ ಸೋಲುವುದೆಲ್ಲಿ

ಸರ್ವರ್‌ನಲ್ಲಿ ಎಚ್‌ಟಿಟಿಪಿಗೆ 80, ಎಚ್‌ಟಿಟಿಪಿಎಸ್‌ಗೆ 443 ಎಂಬ ಸಂಖ್ಯೆಯ ಪೋರ್ಟ್‌ಗಳಿವೆ. ಭದ್ರ ವಿಳಾಸಕ್ಕೆ ಬಂದವರನ್ನು ಹಳೆಯದಕ್ಕೆ ಕಳಿಸಬೇಕಾದರೆ 443ರಲ್ಲಿ ಕೂತ ಸರ್ವರ್ ‘301’ ಎಂಬ ಸಂಖ್ಯೆಯ ಉತ್ತರ ಕೊಡಬೇಕು. ಈ ಪುಟ ಶಾಶ್ವತವಾಗಿ ಬೇರೆ ವಿಳಾಸಕ್ಕೆ ಹೋಗಿದೆ ಎಂದು ಅದರ ಅರ್ಥ. ತಾತ್ಕಾಲಿಕವಾಗಿದ್ದರೆ ‘302’. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ.

ಇಲ್ಲಿ ಕ್ರಮವನ್ನು ಗಮನಿಸಿ. 443ಕ್ಕೆ ಬಂದ ಬ್ರೌಸರ್ ಮೊದಲು ಕೇಳುವುದು ಪ್ರಮಾಣಪತ್ರವನ್ನು. ಅದು ಸರಿಯೆನಿಸಿ, ಕೀಲಿ ಒಪ್ಪಂದವಾಗಿ, ಭದ್ರ ಸಂಪರ್ಕ ಏರ್ಪಟ್ಟ ಮೇಲೆಯೇ ಪುಟದ ಕೋರಿಕೆ ಹೋಗುತ್ತದೆ. 301 ಎಂಬ ಉತ್ತರ ಬರುವುದು ಅದಕ್ಕೂ ಆಮೇಲೆ. ಅಂದರೆ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ, ಹೆಸರು ತಾಳೆಯಾಗದಿದ್ದರೆ, ಅಥವಾ ಪತ್ರವೇ ಇಲ್ಲದಿದ್ದರೆ ಬ್ರೌಸರ್ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ರೀಡೈರೆಕ್ಟ್ ಬರೆದವರು ಯಾವ ಎಚ್ಚರಿಕೆ ತಪ್ಪಿಸಬೇಕೆಂದಿದ್ದರೋ ಅದು ಹಾಗೇ ಉಳಿಯುತ್ತದೆ. ಕೆಳಕ್ಕೆ, ಅಂದರೆ ಎಚ್‌ಟಿಟಿಪಿಗೆ, ಕಳಿಸಲೂ ಸರಿಯಾದ ಪ್ರಮಾಣಪತ್ರ ಬೇಕು. ಅದು ಇದ್ದಮೇಲೆ ಕೆಳಕ್ಕೆ ಕಳಿಸುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ತೊಂದರೆ ಬ್ರೌಸರ್‌ನ ನೆನಪಿನದು. 2009ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಎಂಬ ಭದ್ರತಾ ಸಂಶೋಧಕ ಒಂದು ದಾಳಿಯನ್ನು ಮಾಡಿ ತೋರಿಸಿದ. ನಡುವೆ ಕೂತವನು ಭದ್ರ ಕೊಂಡಿಗಳನ್ನೆಲ್ಲ ಸದ್ದಿಲ್ಲದೆ ಎಚ್‌ಟಿಟಿಪಿ ಕೊಂಡಿಗಳಾಗಿ ಬದಲಿಸಿ ಪಾಸ್‌ವರ್ಡ್ ಕದಿಯುವ ದಾಳಿ ಅದು. ಅದನ್ನು ತಡೆಯಲು 2012ರ ನವೆಂಬರ್‌ನಲ್ಲಿ ‘ಎಚ್‌ಎಸ್‌ಟಿಎಸ್’ ಎಂಬ ನಿಯಮ ಪ್ರಕಟವಾಯಿತು. ನನ್ನನ್ನು ಇನ್ನು ಮುಂದೆ ಭದ್ರ ವಿಳಾಸದಲ್ಲೇ ನೋಡು ಎಂದು ತಾಣವೊಂದು ಒಮ್ಮೆ ಹೇಳಿದರೆ ಬ್ರೌಸರ್ ಅದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನೆನಪಿಡುತ್ತದೆ. ಅಂಥ ತಾಣದ ಸರ್ವರ್ ಬಂದವರನ್ನು ಕೆಳಕ್ಕೆ ಕಳಿಸಿದರೆ ಬ್ರೌಸರ್ ತಾನಾಗಿಯೇ ಮತ್ತೆ ಮೇಲಕ್ಕೆ ಬರುತ್ತದೆ, ಸರ್ವರ್ ಮತ್ತೆ ಕೆಳಕ್ಕೆ ತಳ್ಳುತ್ತದೆ. ಹೀಗೆ ಹಲವು ಸುತ್ತು ಸುತ್ತಿ, ರೀಡೈರೆಕ್ಟ್ ಅತಿಯಾಯಿತೆಂದು ಹೇಳಿ ಬ್ರೌಸರ್ ಕೈಚೆಲ್ಲುತ್ತದೆ. ‘301’ ಉತ್ತರವನ್ನೂ ಬ್ರೌಸರ್ ನೆನಪಿಡುವುದರಿಂದ, ಸರ್ವರ್‌ನಲ್ಲಿ ಬರೆದ ಸಾಲನ್ನು ಅಳಿಸಿದ ಮೇಲೂ ಹಳೆಯ ಗ್ರಾಹಕರಿಗೆ ತೊಂದರೆ ಮುಂದುವರಿಯಬಹುದು.

ಲಾಗಿನ್ ಇರುವ ತಾಣವಾದರೆ ಸಮಸ್ಯೆ ಮತ್ತೂ ಒಂದು. ನೀವು ಯಾರೆಂದು ಸರ್ವರ್‌ಗೆ ನೆನಪಿಸುವ ‘ಕುಕಿ’ಯನ್ನು ಭದ್ರ ಸಂಪರ್ಕದಲ್ಲಿ ಮಾತ್ರ ಕಳಿಸು ಎಂದು ಗುರುತು ಹಾಕಿರುವುದು ವಾಡಿಕೆ. ಪುಟ ಎಚ್‌ಟಿಟಿಪಿಗೆ ಇಳಿದರೆ ಬ್ರೌಸರ್ ಆ ಕುಕಿಯನ್ನು ಕಳಿಸುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪುಟ ಮತ್ತೆ ಮತ್ತೆ ಎದುರಾಗುತ್ತದೆ. ಆ ಗುರುತು ತೆಗೆದರೆ ಕುಕಿ ಬಯಲಲ್ಲಿ ಸಾಗುತ್ತದೆ, ಕದ್ದವನು ನಿಮ್ಮ ಹೆಸರಿನಲ್ಲೇ ಒಳಗೆ ನುಗ್ಗುತ್ತಾನೆ.

ಹಳೆಯ ಕಾರಣಗಳಿಗೆ ಈಗ ಬೆಲೆಯಿಲ್ಲ

ಹಿಂದೆ ಹೀಗೆ ಕೆಳಕ್ಕೆ ಕಳಿಸುತ್ತಿದ್ದವರು ತಿಳಿಯದೆ ಮಾಡುತ್ತಿದ್ದರೆಂದಲ್ಲ. ಗೂಢಲಿಪಿಯ ಲೆಕ್ಕ ಆಗಿನ ಕಂಪ್ಯೂಟರ್‌ಗಳಿಗೆ ಭಾರವಾಗಿತ್ತು. ಪ್ರಮಾಣಪತ್ರಕ್ಕೆ ವರ್ಷವರ್ಷವೂ ಹಣ ಕಟ್ಟಬೇಕಿತ್ತು. ಪಾವತಿ ಮತ್ತು ಲಾಗಿನ್ ಪುಟಗಳಿಗಷ್ಟೇ ಭದ್ರತೆ ಕೊಟ್ಟು ಉಳಿದವನ್ನು ಎಚ್‌ಟಿಟಿಪಿಗೆ ಇಳಿಸುವುದು ದೊಡ್ಡ ತಾಣಗಳಲ್ಲೂ ಇದ್ದ ಪದ್ಧತಿ. ಈಗಿನ ಪ್ರೊಸೆಸರ್‌ಗಳಲ್ಲಿ ಗೂಢಲಿಪಿಗೆಂದೇ ಪ್ರತ್ಯೇಕ ಸೂಚನೆಗಳಿರುವುದರಿಂದ ಆ ಭಾರ ಲೆಕ್ಕಕ್ಕೇ ಬರುವುದಿಲ್ಲ. ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭರಹಿತ ಪ್ರಾಧಿಕಾರ 2015ರ ಡಿಸೆಂಬರ್‌ನಿಂದ ಪ್ರಮಾಣಪತ್ರಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಕೊಡುತ್ತಿದೆ. ಕನ್ನಡ ವಿಕಿಪೀಡಿಯವೂ ಸೇರಿ ಎಲ್ಲ ಭಾಷೆಗಳ ವಿಕಿಪೀಡಿಯಗಳನ್ನು ಪೂರ್ತಿಯಾಗಿ ಎಚ್‌ಟಿಟಿಪಿಎಸ್‌ಗೆ ಬದಲಾಯಿಸುವ ನಿರ್ಧಾರ 2015ರಲ್ಲೇ ಹೊರಬಿತ್ತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಲ್ಲ ಎಚ್‌ಟಿಟಿಪಿ ಪುಟಗಳ ಮೇಲೂ ‘ಸುರಕ್ಷಿತವಲ್ಲ’ ಎಂಬ ಪಟ್ಟಿ ಹಚ್ಚತೊಡಗಿತು.

ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಕಂಡ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ತಿಳಿಯಬಾರದು. ಪ್ರಮಾಣಪತ್ರ ಕೊಡುವವರೂ ತಪ್ಪಬಹುದು. 2014ರ ಜುಲೈನಲ್ಲಿ ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಾಧಿಕಾರದಿಂದ ಗೂಗಲ್‌ನ ಹೆಸರುಗಳಿಗೆ ಅನಧಿಕೃತ ಪತ್ರಗಳು ಹೊರಬಂದದ್ದು ಪತ್ತೆಯಾಯಿತು. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಕೂಡಲೇ ಆ ಕೇಂದ್ರಕ್ಕೆ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ ಮಧ್ಯಂತರ ಪತ್ರಗಳನ್ನು ರದ್ದು ಮಾಡಿದರು. ಮೋಸದ ತಾಣವೂ ತನ್ನ ಹೆಸರಿಗೆ ಉಚಿತ ಪ್ರಮಾಣಪತ್ರ ಪಡೆಯಬಲ್ಲದು. ಎಚ್‌ಟಿಟಿಪಿಎಸ್ ಭರವಸೆ ಕೊಡುವುದು ದಾರಿಯ ಬಗ್ಗೆ ಮತ್ತು ವಿಳಾಸದ ಬಗ್ಗೆ, ಅಲ್ಲಿ ಕೂತವರ ಪ್ರಾಮಾಣಿಕತೆಯ ಬಗ್ಗೆ ಅಲ್ಲ. ಹಾಗೆಂದು ದಾರಿಯನ್ನೇ ಬಯಲಾಗಿಸಿದರೆ ಇರುವ ರಕ್ಷಣೆಯೂ ಹೋಗುತ್ತದೆ.

ಏನು ಮಾಡಬೇಕು

ತಾಣ ನೋಡಿಕೊಳ್ಳುವವರು ಮೊದಲು ಪ್ರಮಾಣಪತ್ರದ ದಿನಾಂಕ ಮತ್ತು ಹೆಸರು ನೋಡಲಿ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ಹಾಗೂ ಇಲ್ಲದ ಎರಡೂ ವಿಳಾಸಗಳು ಅದರಲ್ಲಿರಬೇಕು. ಪತ್ರದ ನವೀಕರಣವನ್ನು ಯಂತ್ರಕ್ಕೇ ಬಿಡುವುದು ಒಳ್ಳೆಯದು. ಪತ್ರಗಳ ಗರಿಷ್ಠ ಅವಧಿಯನ್ನು ಹಂತ ಹಂತವಾಗಿ ಇಳಿಸುತ್ತ 2029ರ ಮಾರ್ಚ್ ಹೊತ್ತಿಗೆ 47 ದಿನಗಳಿಗೆ ತರುವುದೆಂದು ಬ್ರೌಸರ್ ಕಂಪನಿಗಳು ಮತ್ತು ಪ್ರಾಧಿಕಾರಗಳು 2025ರಲ್ಲಿ ತೀರ್ಮಾನಿಸಿವೆ. ಕೈಯಿಂದ ನವೀಕರಿಸುತ್ತ ಕೂರಲು ಆಗ ಸಾಧ್ಯವಾಗದು. ಚಿತ್ರಗಳು ಕಾಣದಿದ್ದರೆ, ಪುಟದ ವಿನ್ಯಾಸ ಕೆಟ್ಟಿದ್ದರೆ, ಒಳಗಿನ ಕೊಂಡಿಗಳು ಇನ್ನೂ ಎಚ್‌ಟಿಟಿಪಿಯಲ್ಲೇ ಇರುವುದು ಸಾಮಾನ್ಯ ಕಾರಣ. ಅವನ್ನು ತಿದ್ದಿದರೆ ಸಾಕು. ಇಷ್ಟಾದ ಮೇಲೆ ರೀಡೈರೆಕ್ಟ್ ಬರೆಯಿರಿ, ಆದರೆ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್ ಕಡೆಗೆ. ಶುರುವಿನಲ್ಲಿ 302 ಇಟ್ಟು ಪರೀಕ್ಷಿಸಿ, ಎಲ್ಲವೂ ಸರಿಯೆನಿಸಿದ ಮೇಲೆ 301 ಮಾಡಿ.

ಬಳಸುವವರು ಪಾಸ್‌ವರ್ಡ್, ಆಧಾರ್, ಖಾತೆ ಸಂಖ್ಯೆ ತುಂಬುವ ಮುನ್ನ ವಿಳಾಸದ ಸಾಲನ್ನು ಒಮ್ಮೆ ನೋಡಿ. ‘ಸುರಕ್ಷಿತವಲ್ಲ’ ಎಂದಿದ್ದರೆ ತುಂಬಬೇಡಿ, ತಾಣದವರಿಗೆ ಒಂದು ಮಾತು ತಿಳಿಸಿ. ಬೆಳೆ ಮಾರಿದ ಹಣದ ಲೆಕ್ಕ, ಮಕ್ಕಳ ಶಾಲೆಯ ದಾಖಲೆ ಇವೆಲ್ಲ ನಿಮ್ಮವು. ಅವನ್ನು ಭದ್ರವಾಗಿ ಸಾಗಿಸಿ ಎಂದು ಕೇಳುವ ಹಕ್ಕೂ ನಿಮ್ಮದೇ.