ಆಗಸ್ಟ್ ತಿಂಗಳ ಆ ಗುರುವಾರ

ಇಂಗ್ಲೆಂಡಿನ ವಿದ್ಯಾರ್ಥಿಯು ತನ್ನ 16ನೆಯ ವಯಸ್ಸಿನಲ್ಲಿ ಜಿಸಿಎಸ್‌ಇ ಪರೀಕ್ಷೆಗಳನ್ನು ಮುಗಿಸಿ, ತರುವಾಯ ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಂಡು, ಎರಡು ವರ್ಷ ಅವುಗಳಲ್ಲಿಯೇ ಮಗ್ನನಾಗಿ ಎ-ಲೆವೆಲ್ ವ್ಯಾಸಂಗ ಮಾಡುತ್ತಾನೆ. (ಸ್ಕಾಟ್ಲೆಂಡಿನ ಕ್ರಮವೇ ಬೇರೆ.) ಗಣಿತದೊಡನೆ ಇತಿಹಾಸವನ್ನೂ ಫ್ರೆಂಚ್ ಭಾಷೆಯನ್ನೂ ಓದಲು ಇಂಗ್ಲೆಂಡಿನಲ್ಲಿ ಅಡ್ಡಿಯಿಲ್ಲವೆಂಬುದು, ವಿಜ್ಞಾನ, ವಾಣಿಜ್ಯ, ಕಲೆಗಳೆಂಬ ಗೋಡೆಗಳ ನಡುವೆ ಪಿಯುಸಿ ಓದಿದ ನಮಗೆ ಅಪೂರ್ವವಾಗಿ ತೋರದಿರದು.

ವಿಶ್ವವಿದ್ಯಾನಿಲಯ ಪ್ರವೇಶದ ಅರ್ಜಿಯಾದರೋ ಅಂತಿಮ ಪರೀಕ್ಷೆಗೆ ಮೊದಲೇ, ಯೂಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗತಕ್ಕದ್ದು. ಆಯ್ಕೆಗಳು ಐದನ್ನು ಮೀರುವಂತಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳೆರಡಕ್ಕೂ ಒಂದೇ ವರ್ಷ ಅರ್ಜಿ ಹಾಕುವುದು ಸಾಮಾನ್ಯವಾಗಿ ನಿಷಿದ್ಧ. ಉಪಾಧ್ಯಾಯರು ಮುಂದಾಗಿ ಊಹಿಸಿ ಬರೆದ ಶ್ರೇಣಿಗಳನ್ನು ನೋಡಿ, 'ಇಷ್ಟು ಬಂದರೆ ನಿನಗೆ ಸ್ಥಾನ' ಎಂದು ವಿಶ್ವವಿದ್ಯಾನಿಲಯವು ಷರತ್ತಿನ ಮಾತು ಕೊಡುವ ಈ ಪದ್ಧತಿಯು, ನನ್ನ ಮಟ್ಟಿಗೆ, ಎಳೆಯ ಮನಸ್ಸಿನ ಮೇಲೆ ಅತಿಶಯವಾದ ಭಾರವನ್ನೇ ಹೊರಿಸುತ್ತದೆ.

ಆಗಸ್ಟ್ ಮಧ್ಯದ ಒಂದು ಗುರುವಾರ ಬೆಳಗ್ಗೆ, ಶಾಲೆಯ ಸಭಾಂಗಣದಲ್ಲಿ ಫಲಿತಾಂಶದ ಲಕೋಟೆ ಬಿಡಿಸುವ ಬೆರಳುಗಳು ನಡುಗುತ್ತವೆ: ಎ, ಎ, ಬಿ ಎಂದು ನಿರೀಕ್ಷಿಸಿದ ಮೂರು ಅಕ್ಷರಗಳಲ್ಲಿ ಒಂದು ಕೆಳಗಿಳಿದು ಸ್ಥಾನ ಕೈತಪ್ಪಿತೆಂದರೆ, ಎಲ್ಲೆಲ್ಲೋ ಉಳಿದಿರುವ ಸ್ಥಾನಗಳನ್ನು ಹಂಚುವ ಕ್ಲಿಯರಿಂಗ್ ವ್ಯವಸ್ಥೆಗೆ ಮೊರೆಹೊಕ್ಕು, ಆ ದಿನವೇ ಒಂದೊಂದು ವಿಶ್ವವಿದ್ಯಾನಿಲಯಕ್ಕೂ ತಾನೇ ದೂರವಾಣಿ ಮಾಡುತ್ತ ಕುಳಿತುಕೊಳ್ಳಬೇಕಾಗುತ್ತದೆ.