ಹೊಸ ಸಾಮಾನು, ಬಿಸಿ ಗಾಳಿ

ವೈಶಾಖದ ಮಧ್ಯಾಹ್ನ ಸೊಲ್ಲಾಪುರದಲ್ಲಿ ಎಂಥದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಉಷ್ಣಮಾನ 42 ಡಿಗ್ರಿ ಮುಟ್ಟಿದ ಅಂಥದೊಂದು ದಿನ ಚಾದರಗಳ ಗಂಟು ಹೇರಿಕೊಂಡು, ವೃದ್ಧ ತಾಯಿಯವರನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು, ನಮ್ಮ ಪಿಕಪ್ ಗಾಡಿಯಲ್ಲಿ ಅಕ್ಕಲಕೋಟೆಗೆ ಹೊರಟೆ. ದಾರಿ ಸುಮಾರು 40 ಕಿಲೋಮೀಟರು. ವಾರದ ಹಿಂದಷ್ಟೇ ಗಾಡಿಯ ಏ.ಸಿ.ಗೆ ಹೊಸ ಕಂಪ್ರೆಸರು, ಹೊಸ ಡ್ರೈಯರು, ಹೊಸ ಫ್ಯಾನು ಹಾಕಿಸಿದ್ದೆ. ಆದರೂ ಊರು ದಾಟುವುದರೊಳಗೆ ತಾಯಿಯವರ ಮುಖ ಕೆಂಪೇರಿತು. “ಕಿಡಕಿ ತಗೀಯಪ್ಪಾ, ಹೊರಗಿನ ಗಾಳೀನ ಛಲೋ” ಎಂದರು.

ವಿಚಿತ್ರವೆಂದರೆ, ಬಯಲು ರಸ್ತೆಯಲ್ಲಿ ವೇಗ ಹಿಡಿದೊಡನೆ ಗಾಳಿ ತಂಪಾಗುತ್ತಿತ್ತು. ಗಾಡಿ ನಿಂತೊಡನೆ ಮತ್ತೆ ಬಿಸಿ. ದೋಷದ ಸುಳುವು ಅದರಲ್ಲಿಯೇ ಇದ್ದಿತು, ನನಗೆ ಹೊಳೆಯಲಿಲ್ಲ.

ಏ.ಸಿ. ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತೊಯ್ದು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಸ್ಥಳವೇ ರೇಡಿಯೇಟರಿನ ಮುಂದಿರುವ ಕಂಡೆನ್ಸರು. ಗಾಡಿ ಓಡುವಾಗ ಎದುರುಗಾಳಿ ಅದನ್ನು ತಣಿಸುತ್ತದೆ. ನಿಂತಾಗ ಆ ಭಾರವೆಲ್ಲ ಫ್ಯಾನಿನದು.

ಅಕ್ಕಲಕೋಟೆಯಲ್ಲಿ ಹಿರಿಯ ಮಿಸ್ತ್ರಿಯೊಬ್ಬರು ಗೇಜು ಜೋಡಿಸಿ ನೋಡಿದರು. ಅಧಿಕ ಒತ್ತಡದ ಮುಳ್ಳು ಆ ಬಿಸಿಲಿನಲ್ಲಿ ಚದರ ಅಂಗುಲಕ್ಕೆ 250ರಿಂದ 300 ಪೌಂಡಿನ ಸುಮಾರಿಗೆ ಇರತಕ್ಕದ್ದು, 350 ದಾಟಿತ್ತು. ಗ್ಯಾಸು ಕಡಿಮೆಯಾಗಿದ್ದರೆ ಎರಡೂ ಮುಳ್ಳುಗಳು ಕೆಳಗಿರುತ್ತಿದ್ದವು. ಕಂಡೆನ್ಸರಿನ ಮೇಲೆ ಒಂದು ಕೊಡ ನೀರು ಸುರಿದರು. ಮುಳ್ಳು ಇಳಿಯಿತು, ಒಳಗೆ ತಂಪು ಬಂದಿತು. “ನೋಡ್ರಿ, ಬ್ಯಾನಿ ಇಲ್ಲೇ ಐತಿ” ಎಂದು, ಹಳೆಯ ಪತ್ರಿಕೆಯ ಹಾಳೆಯೊಂದನ್ನು ಮುಂದಿನ ಜಾಲರಿಗೆ ಹಿಡಿದರು. ಒಳಕ್ಕೆ ಅಂಟಿಕೊಳ್ಳಬೇಕಾದ ಹಾಳೆ ಹೊರಕ್ಕೆ ಹಾರಿತು! ಹೊಸ ಫ್ಯಾನಿನ ಎರಡು ತಂತಿಗಳು ಅದಲುಬದಲಾಗಿ, ಅದು ಉಲ್ಟಾ ತಿರುಗುತ್ತಿತ್ತು.

ತಂತಿ ಸರಿಪಡಿಸಿದರೂ ಮುಳ್ಳು ಪೂರ್ತಿ ಇಳಿಯಲಿಲ್ಲ. ಗ್ಯಾಸೂ ಹೆಚ್ಚಾಗಿದ್ದಿತು. ಇಲ್ಲಿಯ ಮರ್ಮವನ್ನು ನಮ್ಮ ಗೃಹಿಣಿಯರು ಗಂಡಸರಿಗಿಂತ ಬೇಗ ತಿಳಿಯಬಲ್ಲರು. ಅಡುಗೆಮನೆಯ ಸಿಲಿಂಡರು ಅರ್ಧ ಬರಿದಾದರೂ ಒಲೆಯ ಉರಿ ತಗ್ಗುವುದಿಲ್ಲ; ಉಳಿದದ್ದೆಷ್ಟೆಂದು ತಿಳಿಯಲು ತೂಕವೇ ಬೇಕು. ಏ.ಸಿ.ಯ ಗ್ಯಾಸನ್ನೂ ತೂಗಿಯೇ ತುಂಬಬೇಕು. ಎಷ್ಟು ಗ್ರಾಮೆಂಬುದು ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಅಂದಾಜಿನಿಂದ ಹೆಚ್ಚು ತುಂಬಿದರೂ ತಂಪು ಕುಗ್ಗುತ್ತದೆ.

ಮಿಸ್ತ್ರಿಯವರು ಇದ್ದ ಗ್ಯಾಸನ್ನು ಯಂತ್ರದಿಂದ ಹಿಂದಕ್ಕೆ ಎಳೆದುಕೊಂಡರು. ಅದನ್ನು ಬಯಲಿಗೆ ಬಿಡಲಾಗದು. ಆರ್-134ಎ ಎಂಬ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕು ಭೂಮಿಯನ್ನು ಕಾಯಿಸುತ್ತದೆ. ಮನೆಯಲ್ಲಿ ಕೊಳವೆ ಬಿಚ್ಚುವ ಸಾಹಸವೂ ಬೇಡ: ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅರ್ಧ ಗಂಟೆ ಪಂಪಿನಿಂದ ನಿರ್ವಾತ ಮಾಡಿ, ತೇವ ತೆಗೆದು, ತಕ್ಕಡಿಯ ಲೆಕ್ಕದಲ್ಲಿ ಗ್ಯಾಸು ತುಂಬಿದರು.

ಮರಳುವಾಗ ತಾಯಿಯವರು ಸೆರಗು ಹೊದ್ದು ನಿದ್ದೆಹೋದರು. ಬಿಚ್ಚಿ ತಂದ ಹಳೆಯ ಕಂಪ್ರೆಸರು ಈಗಲೂ ನಮ್ಮ ಅಟ್ಟದ ಮೇಲಿದೆ. ಅದು ನಿಜವಾಗಿ ಕೆಟ್ಟಿತ್ತೋ ಇಲ್ಲವೋ, ತೆಗೆಯುವ ಮೊದಲು ಯಾರೂ ಗೇಜು ಹಚ್ಚಿ ನೋಡಿರಲಿಲ್ಲ.