ಒಂದೇ ಸ್ಪ್ರಿಂಗ್, ಎರಡು ಹಾದಿ



ಕಾರನ್ನು ಎಷ್ಟು ತಗ್ಗಿಸಬೇಕು, ಯಾವ ಸ್ಪ್ರಿಂಗ್ ಹಾಕಿಸಬೇಕು, ಡ್ರ್ಯಾಗ್ ಪಂದ್ಯದಲ್ಲಿ ಅದರಿಂದ ಎಷ್ಟು ಸಮಯ ಉಳಿದೀತು — ಸಂಘದ ಕಾರ್ಯಕ್ರಮಗಳಲ್ಲಿ ನೀವು ಗುಂಪುಗೂಡಿ ನಡೆಸುವ ಈ ಚರ್ಚೆ ನಮ್ಮಂಥ ಹಿರಿಯರ ಕಿವಿಗೂ ಬೀಳುತ್ತಿರುತ್ತದೆ. ಅಡುಗೆಮನೆಯವರಿಗೆ ಇದರ ಗೊಡವೆ ಏಕೆ ಎನ್ನಬೇಡಿ. ನಾನು ಬಿ.ಎ.ಗೆ ಓದಿದ್ದು ಇಂಗ್ಲಿಷ್ ಸಾಹಿತ್ಯವಾದರೂ ಮನೆಯಲ್ಲಿ ಮಗ ತಂದಿಟ್ಟ ಮೋಟಾರು ಪುಸ್ತಕಗಳನ್ನು ಅಷ್ಟೇ ಆಸಕ್ತಿಯಿಂದ ಓದುತ್ತ ಬಂದವಳು. ವಾರವಿಡೀ ಕಾಲೇಜು, ಕಚೇರಿಗೆ ಓಡುವ ಕಾರನ್ನೇ ಪಂದ್ಯಕ್ಕೂ ಒಯ್ಯುವವರು ಸ್ಪ್ರಿಂಗನ್ನು ಹೇಗೆ ಆರಿಸಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇನೆ.

ಡ್ರ್ಯಾಗ್ ಪಂದ್ಯವೆಂದರೆ ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಯಾರು ಬೇಗ ಮುಟ್ಟುತ್ತಾರೆ ಎಂಬ ಸ್ಪರ್ಧೆ. ಇದರ ತವರು ಅಮೆರಿಕದ ಕ್ಯಾಲಿಫೋರ್ನಿಯಾ. 1950ರಲ್ಲಿ ಸಾಂಟಾ ಆನಾದ ವಿಮಾನಪಥದಲ್ಲಿ ಕ್ರಮಬದ್ಧ ಪಂದ್ಯಗಳು ಆರಂಭವಾದವು. ಮರುವರ್ಷ ವಾಲಿ ಪಾರ್ಕ್ಸ್ ಅವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಬೀದಿಯ ಹುಚ್ಚು ವೇಗವನ್ನು ನಿಯಮಕ್ಕೊಳಪಟ್ಟ ಜಾಗಕ್ಕೆ ತರುವುದೇ ಅವರ ಉದ್ದೇಶವಾಗಿತ್ತು. ನಮ್ಮಲ್ಲೂ ಚೆನ್ನೈ ಬಳಿಯ ಶೋಲಾವರಂ ವಿಮಾನಪಥ ದಶಕಗಳ ಕಾಲ ಮೋಟಾರು ಪಂದ್ಯಗಳನ್ನು ಕಂಡಿತು. ಆ ಬಳಿಕ 1990ರಲ್ಲಿ ಇರುಂಗಾಟ್ಟುಕೋಟೈಯ ಪಂದ್ಯಪಥ ತೆರೆಯಿತು. ಲೋಣಾವಳದ ಸಮೀಪ ಆಂಬಿ ವ್ಯಾಲಿಯ ವಿಮಾನಪಥದಲ್ಲೂ ಡ್ರ್ಯಾಗ್ ಪಂದ್ಯಗಳು ನಡೆದಿವೆ.

ಭಾರ ಹಿಂದಕ್ಕೆ ಸರಿದಾಗ

ನಿಂತ ಬಸ್ಸು ಥಟ್ಟನೆ ಹೊರಟರೆ ನಾವು ಹಿಂದಕ್ಕೆ ವಾಲುತ್ತೇವಲ್ಲವೇ? ಕಾರಿನ ಭಾರವೂ ಹಾಗೆಯೇ ಹಿಂದಿನ ಚಕ್ರಗಳ ಕಡೆಗೆ ಸರಿಯುತ್ತದೆ. ನಮ್ಮ ತಂದೆಯವರ ಕಾಲದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುತ್ತಿದ್ದುದು ಹಿಂದಿನ ಚಕ್ರಗಳಿಗೆ. ಅಮೆರಿಕದ ಹಳೆಯ ಪಂದ್ಯದ ಕಾರುಗಳದೂ ಅದೇ ಬಗೆ. ಅವಕ್ಕೆ ಈ ಸರಿದ ಭಾರ ವರವೇ ಸರಿ: ಓಡಿಸುವ ಚಕ್ರ ನೆಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದಲೇ ಅಲ್ಲಿಯವರು ಮುಂದೆ ಉದ್ದವಾದ, ಮೆತ್ತನೆಯ ಸ್ಪ್ರಿಂಗ್ ಹಾಕುತ್ತಾರೆ. ಅದು ಬಹಳ ಅದುಮಿಕೊಂಡು ಕೂತಿರುತ್ತದೆ. ಹೊರಟ ಕೂಡಲೇ ಬಿಚ್ಚಿಕೊಂಡು ಮೂತಿಯನ್ನು ಬೇಗ ಮೇಲೆತ್ತುತ್ತದೆ.

ಆದರೆ ಇಂದು ನಿಮ್ಮ ಕೈಯಲ್ಲಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರದಿಂದ ಓಡುವಂಥವು. ಇಲ್ಲಿ ಲೆಕ್ಕ ತಿರುಗುಮುರುಗು: ಭಾರ ಬೇಕಾದಲ್ಲಿಂದಲೇ ಜಾರಿಹೋಗುತ್ತದೆ. ಅಮೆರಿಕದ ಆ ಪಾಕವನ್ನು ಹಾಗೆಯೇ ನಕಲು ಮಾಡಿದರೆ ಸಾರಿಗೆ ಸಕ್ಕರೆ ಸುರಿದಂತೆ!

ಒಂದು ಉದಾಹರಣೆ ನೋಡೋಣ. ಸಾವಿರ ಕೆ.ಜಿ. ತೂಕದ ಕಾರು, ಮುಂದೆ 600, ಹಿಂದೆ 400 ಕೆ.ಜಿ. ಭಾರ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.45 ಮೀಟರ್. ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದೆ ಎನ್ನೋಣ. ಗುರುತ್ವಾಕರ್ಷಣೆಯ ಶೇ. 40ರಷ್ಟು ವೇಗವರ್ಧನೆಯಲ್ಲಿ ಹೊರಟರೆ ಸುಮಾರು 90 ಕೆ.ಜಿ. ಹಿಂದಕ್ಕೆ ಸರಿಯುತ್ತದೆ. ಮುಂದೆ ಉಳಿಯುವುದು 510. ಈಗ ಕಾರನ್ನು 3 ಸೆಂಟಿಮೀಟರ್ ತಗ್ಗಿಸಿ ಲೆಕ್ಕ ಹಾಕಿ: ಸರಿಯುವ ಭಾರ 85 ಕೆ.ಜಿ. ಇಷ್ಟೆಲ್ಲ ಖರ್ಚು ಮಾಡಿ ಮುಂದಿನ ಚಕ್ರಗಳಿಗೆ ದಕ್ಕಿದ್ದು ಬರೀ 5 ಕೆ.ಜಿ., ಒಂದು ಸಣ್ಣ ಅಕ್ಕಿ ಚೀಲದಷ್ಟು!

ಸ್ಪ್ರಿಂಗ್ ಗಡಸಾಯಿತೆಂದು ಸರಿಯುವ ಭಾರ ಮಾಯವಾಗುವುದಿಲ್ಲ. ಕಾರು ಎಷ್ಟು ವಾಲಬೇಕು, ಎಷ್ಟು ಬೇಗ ವಾಲಬೇಕು ಎಂಬುದನ್ನಷ್ಟೇ ಅದು ತಿದ್ದೀತು. ಹಿಂದಿನ ಸ್ಪ್ರಿಂಗ್ ತುಸು ಗಡಸಾಗಿದ್ದರೆ ಹಿಂಭಾಗ ಕುಕ್ಕರಿಸುವುದು ಕಡಿಮೆಯಾಗುತ್ತದೆ. ಅಷ್ಟೇ ಲಾಭ. ಅದನ್ನು ಅತಿಯಾಗಿಸಿದರೆ ಮಳೆಗಾಲದ ಒದ್ದೆ ತಿರುವಿನಲ್ಲಿ ಕಾರಿನ ಬಾಲ ಜಾರುವ ಭಯ. ಪಂದ್ಯಪಥ ನೇರ, ನಾವು ಮನೆಗೆ ಮರಳುವ ದಾರಿ ನೇರವಲ್ಲ.

ತೊಟ್ಟಿಲಿನ ಪಾಠ

ಸ್ಪ್ರಿಂಗಿಗೆ ತೂಗುಹಾಕಿದ ತೊಟ್ಟಿಲನ್ನು ನೀವು ನೋಡಿರಬಹುದು. ನಿಧಾನವಾಗಿ ಆಡಿದರೆ ಮಗುವಿಗೆ ನಿದ್ದೆ, ಬಿರುಸಾಗಿ ಕುಣಿದರೆ ಅಳು. ಸಾಮಾನ್ಯ ಕಾರಿನ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಆಡುವಂತೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಸ್ಪ್ರಿಂಗಿನ ಬಿಗಿ ಇಮ್ಮಡಿಯಾದರೆ ಈ ಆಟ 1.4 ಪಟ್ಟು ಚುರುಕಾಗುತ್ತದೆ. ಬೆನ್ನುಮೂಳೆಗೆ ಅದು ತಕ್ಷಣ ಗೊತ್ತಾಗುತ್ತದೆ.

ಆಟವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಸ್ಪ್ರಿಂಗೂ ಅದೂ ಜೋಡೆತ್ತುಗಳು. ಒಂದನ್ನು ಮಾತ್ರ ಬದಲಿಸಿದರೆ ಗಾಡಿ ಎತ್ತಲೋ ಎಳೆಯುತ್ತದೆ. ಗಡಸು ಸ್ಪ್ರಿಂಗಿಗೆ ಹಳೆಯ ಶಾಕ್ ಅಬ್ಸಾರ್ಬರ್ ಜೊತೆಯಾದರೆ ಉಬ್ಬು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ. ಚಕ್ರ ನೆಲ ಬಿಟ್ಟ ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ಇನ್ನು ಉಬ್ಬುಗಳ ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಬಡಾವಣೆಗಳ ಉಬ್ಬುಗಳು ಎಷ್ಟರಮಟ್ಟಿಗೆ ಹಾಗಿವೆ ಎಂಬುದು ನಿಮಗೇ ಗೊತ್ತು! ಅನೇಕ ಸಣ್ಣ ಕಾರುಗಳ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 16-17 ಸೆಂಟಿಮೀಟರ್. ಅದರಲ್ಲಿ 3 ಕಳೆದು, ಅಜ್ಜ ಅಜ್ಜಿಯರನ್ನೂ ಊರಿಂದ ತಂದ ತೆಂಗಿನಕಾಯಿ ಚೀಲವನ್ನೂ ಏರಿಸಿ ನೋಡಿ. ಹೊಟ್ಟೆ ಉಜ್ಜುವ ಸದ್ದು ಕೇಳಿಸೀತು.

ಕತ್ತರಿಸಿದ ಸ್ಪ್ರಿಂಗ್

ಕೆಲವರು ಅಗ್ಗದ ದಾರಿ ಹಿಡಿದು ಗ್ಯಾಸ್ ಜ್ವಾಲೆಯಿಂದ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿಬಿಡುತ್ತಾರೆ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಎಂಟು ಸುತ್ತು ಏಳಾದರೆ ಸ್ಪ್ರಿಂಗ್ ಸುಮಾರು ಶೇ. 14ರಷ್ಟು ಗಡಸಾಗುತ್ತದೆ, ಆಡಲು ಜಾಗ ಮಾತ್ರ ಕಡಿಮೆಯಾಗುತ್ತದೆ. ಬೆಂಕಿಯ ಕಾವಿಗೆ ಉಕ್ಕಿನ ಹದ ಕೆಡುತ್ತದೆ. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಕದಲಲೂಬಹುದು.

ಕಾನೂನನ್ನೂ ಮರೆಯಬಾರದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟುವುದು ಬೇರೆಯೇ ಅಪರಾಧ. ಆದ್ದರಿಂದ ಏನನ್ನಾದರೂ ಕೊಳ್ಳುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ಹಾಗಾದರೆ ಆಯ್ಕೆ ಹೇಗೆ?

ಮೊದಲು ನಿಮ್ಮ ಕಾರು ಯಾವ ಚಕ್ರದಿಂದ ಓಡುತ್ತದೆ ಎಂದು ತಿಳಿಯಿರಿ. ಬಳಿಕ ವರ್ಷದಲ್ಲಿ ಎಷ್ಟು ದಿನ ಬೀದಿ, ಎಷ್ಟು ದಿನ ಪಂದ್ಯ ಎಂದು ಪ್ರಾಮಾಣಿಕವಾಗಿ ಎಣಿಸಿ. 360 ದಿನ ಬೀದಿಯೇ ಆಗಿದ್ದರೆ ಸ್ಪ್ರಿಂಗೂ ಬೀದಿಯದೇ ಇರಲಿ. ಕಾರಿನ ಒಂದು ಮೂಲೆಯನ್ನು ಕೈಯಿಂದ ಬಲವಾಗಿ ಅದುಮಿ ಬಿಡಿ. ಮತ್ತೆ ಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರ್ ಸವೆದಿದೆ, ಮೊದಲ ಖರ್ಚು ಅದಕ್ಕೇ. ಎರಡನೆಯದು ಒಳ್ಳೆಯ ಟೈರು: ನೆಲ ಮುಟ್ಟುವುದು ಅದೊಂದೇ. ಮೂರನೆಯದಕ್ಕೆ ಖರ್ಚೇ ಇಲ್ಲ: ಪಂದ್ಯದ ದಿನ ಡಿಕ್ಕಿಯಲ್ಲಿರುವ ಬೇಡದ ಸಾಮಾನು ಇಳಿಸಿ. ಇಷ್ಟಾದ ಮೇಲೂ ಸ್ಪ್ರಿಂಗ್ ಬದಲಿಸಲೇಬೇಕೆಂದರೆ, ನಿಮ್ಮ ಕಾರಿನ ಮಾದರಿಗೆಂದೇ ತಯಾರಾದ, ಎತ್ತರ ಬಹಳ ತಗ್ಗಿಸದ, ತುಸುವೇ ಗಡಸಾದ ಜೋಡಿಯನ್ನು ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್ ಸಮೇತ ಹಾಕಿಸಿ, ಚಕ್ರಗಳ ಜೋಡಣೆಯನ್ನು ಸರಿಪಡಿಸಿಕೊಳ್ಳಿ.

ಎರಡು ದೋಣಿಯಲ್ಲಿ ಕಾಲಿಟ್ಟವನು ಯಾವುದರಲ್ಲಿ ಭಾರ ಊರಬೇಕೆಂದು ಮೊದಲೇ ನಿಶ್ಚಯಿಸಬೇಕು. ಪಂದ್ಯದಲ್ಲಿ ಅರ್ಧ ಸೆಕೆಂಡ್ ತಡವಾದರೆ ಇನ್ನೊಮ್ಮೆ ಓಡಬಹುದು. ಬೀದಿಯಲ್ಲಿ ಚಕ್ರದ ಹಿಡಿತ ಒಮ್ಮೆ ತಪ್ಪಿದರೆ ಆ ಅವಕಾಶ ಸಿಗದಿರಬಹುದು.